ಹ್ಯೂ ಡಿಹೇವನ್

ಗಳಗನಾಥದ ವಿದ್ಯಾರ್ಥಿಗಳು ಹಾವೇರಿಗೋ ರಾಣೆಬೆನ್ನೂರಿಗೋ ಹೋದಾಗ ಪುಣೆ–ಬೆಂಗಳೂರು ಹೆದ್ದಾರಿಯನ್ನು ಕಾಣುತ್ತಾರೆ. ಅಲ್ಲಿ ಧಾವಿಸುವ ಕಾರುಗಳಲ್ಲಿ ಕುಳಿತವರು ಎದೆಗೆ ಓರೆಯಾಗಿ, ಸೊಂಟಕ್ಕೆ ಅಡ್ಡವಾಗಿ ಪಟ್ಟಿಯೊಂದನ್ನು ಬಿಗಿದುಕೊಂಡಿರುತ್ತಾರೆ. ಈ ಸೀಟ್ ಬೆಲ್ಟಿನ ಹಿಂದೆ ಹಲವರ ಪರಿಶ್ರಮವಿದೆ. ಅವರಲ್ಲಿ ಅಗ್ರಗಣ್ಯರು ಅಮೆರಿಕದ ಹ್ಯೂ ಡಿಹೇವನ್.

ಡಿಹೇವನ್ನರು ಜನಿಸಿದ್ದು 1895ರಲ್ಲಿ, ನ್ಯೂಯಾರ್ಕಿನಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಅವರು ಕೆನಡಾದಲ್ಲಿ ವಿಮಾನ ನಡೆಸುವ ಶಿಕ್ಷಣ ಪಡೆಯುತ್ತಿದ್ದರು. ಒಂದು ದಿನ ಆಕಾಶದಲ್ಲಿ ಅವರ ವಿಮಾನಕ್ಕೆ ಇನ್ನೊಂದು ವಿಮಾನ ಡಿಕ್ಕಿ ಹೊಡೆಯಿತು. ನೆಲಕ್ಕೆ ಬಿದ್ದ ಅವರ ಕಾಲುಗಳು ಮುರಿದವು. ಯಕೃತ್ತು ಮೊದಲಾದ ಒಳ ಅಂಗಗಳು ಹರಿದವು. ಅವರು ಬದುಕಿದ್ದು ಕೇವಲ ಅದೃಷ್ಟವೆಂದು ಇತರರು ಭಾವಿಸಿದರು. ಡಿಹೇವನ್ನರಿಗೆ ಅದು ಒಪ್ಪಿಗೆಯಾಗಲಿಲ್ಲ. ತಾವು ಕುಳಿತಿದ್ದ ಭಾಗವು ನುಚ್ಚುನೂರಾಗದೆ ಉಳಿದದ್ದು ತಮ್ಮನ್ನು ಕಾಪಾಡಿತೆಂದೂ, ಒಳಗಾಯಗಳಿಗೆ ತಾವು ಧರಿಸಿದ್ದ ಬೆಲ್ಟಿನ ಬಕಲ್ಲೇ ಕಾರಣವೆಂದೂ ಅವರು ಕಂಡುಕೊಂಡರು. ರಕ್ಷಿಸಬೇಕಾದ ವಸ್ತುವೇ ಇರಿದಿತ್ತು!

ಮುಂದೆ ಅವರು ತಮ್ಮ ಅಡಿಗೆಮನೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡರು. ನೆಲದ ಮೇಲೆ ಮೆತ್ತನೆಯ ರಬ್ಬರನ್ನು ಹಾಸಿ, ಸುಮಾರು 10 ಅಡಿ ಎತ್ತರದಿಂದ ಕೋಳಿಮೊಟ್ಟೆಗಳನ್ನು ಬೀಳಿಸಿದರು. ಮೊಟ್ಟೆಗಳು ಒಡೆಯಲಿಲ್ಲ. ಹೊಡೆತವು ಒಂದೇ ಬಿಂದುವಿನ ಮೇಲೆ ಬೀಳದೆ ಹರಡಿದರೆ, ವೇಗವು ಥಟ್ಟನೆ ನಿಲ್ಲದೆ ಸ್ವಲ್ಪ ದೂರದಲ್ಲಿ ಕುಗ್ಗಿದರೆ, ನಾಜೂಕಾದ ವಸ್ತುವೂ ಉಳಿಯುತ್ತದೆ. ಮನುಷ್ಯ ದೇಹಕ್ಕೂ ಈ ನಿಯಮ ಅನ್ವಯಿಸುತ್ತದೆಂದು ತೋರಿಸಲು, 50ರಿಂದ 150 ಅಡಿಗಳ ಎತ್ತರದಿಂದ ಬಿದ್ದೂ ಬದುಕಿದವರ ಸಂಗತಿಗಳನ್ನು ಪರಿಶೀಲಿಸಿ 1942ರಲ್ಲಿ ಪ್ರಕಟಿಸಿದರು. ಅವರು ವೈದ್ಯರಾಗಿರಲಿಲ್ಲ, ಆದರೂ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಅಪಘಾತದ ಗಾಯಗಳ ಸಂಶೋಧನೆಯನ್ನು ನಡೆಸಿದರು. ಮೊದಲು ವಿಮಾನಗಳನ್ನೂ, 1950ರ ದಶಕದಲ್ಲಿ ಕಾರುಗಳನ್ನೂ ಅಭ್ಯಸಿಸಿದರು. ರೋಜರ್ ಗ್ರಿಸ್ವೋಲ್ಡರೊಡನೆ ರೂಪಿಸಿದ, ಎದೆ ಮತ್ತು ಸೊಂಟಗಳೆರಡನ್ನೂ ಹಿಡಿದಿಡುವ ಬೆಲ್ಟಿಗೆ 1955ರಲ್ಲಿ ಪೇಟೆಂಟ್ ದೊರೆಯಿತು. ಅಂಥ ಬೆಲ್ಟನ್ನು ಸ್ವೀಡನ್ನಿನ ನಿಲ್ಸ್ ಬೋಲಿನ್ನರು ಸುಧಾರಿಸಿದರು. 1959ರಲ್ಲಿ ಅದು ವೋಲ್ವೋ ಕಾರುಗಳಲ್ಲಿ ಬಳಕೆಗೆ ಬಂದಿತು. ಡಿಹೇವನ್ನರು 1980ರಲ್ಲಿ ನಿಧನರಾದರು.

ಅವರ ಪಾಠವನ್ನು ಶಾಲೆಯಲ್ಲಿಯೂ ಪರೀಕ್ಷಿಸಬಹುದು. ಚಿಕ್ಕ ಮರದ ಬಂಡಿಯೊಂದರಲ್ಲಿ ಮೊಟ್ಟೆಯನ್ನಿರಿಸಿ, ಇಳಿಜಾರು ಹಲಗೆಯ ಮೇಲಿನಿಂದ ಬಿಟ್ಟು ಇಟ್ಟಿಗೆಗೆ ತಾಗಿಸಿದರೆ, ಬಂಡಿ ನಿಲ್ಲುತ್ತದೆ. ಮೊಟ್ಟೆ ಮಾತ್ರ ಅದೇ ವೇಗದಿಂದ ಮುಂದೆ ಸಿಡಿದು ಒಡೆಯುತ್ತದೆ. ಅಗಲವಾದ ಬಟ್ಟೆಪಟ್ಟಿಯಿಂದ ಬಿಗಿದ ಮೊಟ್ಟೆಯಾದರೋ ಉಳಿಯುವ ಸಂಭವ ಹೆಚ್ಚು. ಸಿಡಿಯುವುದು ಮೊಟ್ಟೆಯಲ್ಲ, ಮನುಷ್ಯನ ತಲೆ ಎಂದು ಭಾವಿಸಿದರೆ ಆ ಪಟ್ಟಿಯ ಬೆಲೆ ತಿಳಿಯುತ್ತದೆ. ತಮಗೊದಗಿದ ನೋವನ್ನು ವಿಧಿಯೆಂದು ಮರೆಯದೆ, ಅದರ ಕಾರಣವನ್ನು ಹುಡುಕಿ ಪರರ ಪ್ರಾಣವನ್ನು ಉಳಿಸಿದ್ದೇ ಡಿಹೇವನ್ನರ ಹಿರಿಮೆ.