ವಿಶ್ವೇಶ್ವರಯ್ಯನವರೂ ಖಡಕವಾಸಲೆಯ ಬಾಗಿಲುಗಳೂ

ವಿದ್ಯೆಗಾಗಿ, ಉದ್ಯೋಗಕ್ಕಾಗಿ ನಾಡು ಬಿಟ್ಟು ಬಂದ ಕನ್ನಡಿಗರ ಸಾಲಿನಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೂ ಒಬ್ಬರು. 1861ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡೇ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು. 1884ರಲ್ಲಿ ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯಲ್ಲಿ ಇಂಜಿನಿಯರಾದರು.

ಸಿಂಧೂ ನದಿಯ ದಡದ ಸುಕ್ಕೂರಿನಲ್ಲಿ ಅವರಿಗೆ ಎದುರಾದುದು ಕೆಸರು ನೀರು ಮತ್ತು ಬಡ ಪುರಸಭೆ. ನೀರು ಸೋಸುವ ತೊಟ್ಟಿಗಳನ್ನು ಕಟ್ಟಲು ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ಮರಳಿನಲ್ಲಿ ಜಿನುಗಿ ಬಂದ ನೀರು ತಾನಾಗಿಯೇ ತಿಳಿಯಾಯಿತು. ಇಲ್ಲದುದಕ್ಕೆ ಹಂಬಲಿಸದೆ ಇದ್ದುದರಲ್ಲಿಯೇ ಉಪಾಯ ಕಾಣುವುದು ಅವರ ರೀತಿ.

ಆ ರೀತಿಗೆ ದೊಡ್ಡ ಪರೀಕ್ಷೆ ಬಂದುದು ಪುಣೆಗೆ ನೀರೊದಗಿಸುವ ಖಡಕವಾಸಲೆಯಲ್ಲಿ. ಮಳೆಗಾಲದಲ್ಲಿ ಕೋಡಿ ಹರಿದು ಹೋಗುವ ನೀರನ್ನು ಬೇಸಗೆಗೆ ಹಿಡಿದಿಡಬೇಕಾಗಿತ್ತು. ಕೋಡಿಯ ಮೇಲೆ ಗೋಡೆ ಎಬ್ಬಿಸಿದರೆ ನೀರೇನೋ ನಿಂತೀತು. ಪ್ರವಾಹ ಬಂದಾಗ ದಾರಿಯಿಲ್ಲದೆ ಅಣೆಕಟ್ಟಿಗೇ ಅಪಾಯ. ಅಣೆಕಟ್ಟನ್ನೇ ಎತ್ತರಿಸೋಣವೆಂದರೆ ಭಾರಿ ವೆಚ್ಚ. ಒಂದೇ ಸ್ಥಳ ಒಮ್ಮೆ ಗೋಡೆಯಾಗಬೇಕು, ಒಮ್ಮೆ ಬಾಗಿಲಾಗಬೇಕು. ನಡುರಾತ್ರಿಯ ಮಳೆಯಲ್ಲಿ ಆ ಬಾಗಿಲು ತೆರೆಯಲು ಆಳುಗಳನ್ನೇ ನಂಬಿ ಕೂಡುವಂತೆಯೂ ಇಲ್ಲ.

ವಿಶ್ವೇಶ್ವರಯ್ಯನವರು ಆ ಕೆಲಸವನ್ನು ನೀರಿಗೇ ವಹಿಸಿದರು. 1903ರಲ್ಲಿ ಅಳವಡಿಸಿದ ಬಾಗಿಲುಗಳು ಎದುರುತೂಕದೊಡನೆ ತಕ್ಕಡಿಯಂತೆ ಸಮತೂಗಿ ನಿಂತವು. ನೀರು ಗೊತ್ತುಮಾಡಿದ ಮಟ್ಟ ಮೀರಿದೊಡನೆ ತೂಗು ಬದಲಾಗಿ ಬಾಗಿಲು ತೆರೆಯುವುದು; ನೀರು ಇಳಿದರೆ ತಾನೇ ಮುಚ್ಚುವುದು. ಅಣೆಕಟ್ಟನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಈ ಶೋಧಕ್ಕೆ ಪೇಟೆಂಟ್ ದೊರೆತರೂ, ಸರ್ಕಾರದ ನೌಕರನಾಗಿ ಮಾಡಿದ ಕೆಲಸವೆಂದು ಅವರು ರಾಯಧನವನ್ನು ಒಲ್ಲೆನೆಂದರು.

ಮುಂದೆ ಮೈಸೂರಿನ ಮುಖ್ಯ ಇಂಜಿನಿಯರಾಗಿ, 1912ರಿಂದ ದಿವಾನರಾಗಿ ಕನ್ನಂಬಾಡಿ ಕಟ್ಟೆಗೆ ಕಾರಣಪುರುಷರಾದರು. ಅಲ್ಲಿಯೂ ಇಂಥ ಬಾಗಿಲುಗಳು ಬಂದವು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು.

1961ರ ಜುಲೈ 12ರಂದು ಮೇಲ್ಗಡೆಯ ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿನ ರಭಸಕ್ಕೆ ಖಡಕವಾಸಲೆಯ ಅಣೆಕಟ್ಟೂ ಒಡೆಯಿತು. ಪುಣೆಯ ನದೀತೀರದ ಪೇಟೆಗಳು ಮುಳುಗಿದವು. ಒಂದು ಅಣೆಕಟ್ಟಿನ ನೀರೆಲ್ಲ ಒಮ್ಮೆಲೇ ಬಂದರೆ ದಾರಿಬಿಡುವಷ್ಟು ದೊಡ್ಡ ಬಾಗಿಲನ್ನು ಯಾರೂ ಇಟ್ಟಿರಲಿಲ್ಲ. ನೀರನ್ನು ಕಟ್ಟುವವನು ಮೊದಲು ಅದು ಹೋಗುವ ದಾರಿಯನ್ನು ಯೋಚಿಸಬೇಕೆಂಬ ಮಾತನ್ನು ಆ ದಿನ ಕಠೋರವಾಗಿ ನೆನಪಿಸಿತು. ಮರುವರ್ಷ, ನೂರು ದಾಟಿದ ವಯಸ್ಸಿನಲ್ಲಿ, ವಿಶ್ವೇಶ್ವರಯ್ಯನವರು ತೀರಿಕೊಂಡರು. ಪುಣೆಯಲ್ಲಿ ನೆಲೆಸಿದ ಕನ್ನಡ ಮಕ್ಕಳಿಗೆ ತಮ್ಮ ಮನೆಯ ನಲ್ಲಿಯ ನೀರಿನೊಡನೆ ಈ ಹೆಸರೂ ಸೇರಿದೆಯೆಂಬುದು ತಿಳಿದಿರಲಿ.