ಕಲ್ಲಿನಲ್ಲಿ ಅಡಗಿದ ಗಾಳಿ: ಹೆರಾಲ್ಡ್ ಯೂರಿ

ವಿದ್ಯಾರ್ಥಿಗಳೇ, ಶಹಾಬಾದ್ ಕಲ್ಲಿನ ಒಡೆದ ಚೂರು ಸಿಕ್ಕರೆ ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಕಲ್ಲು ಸಿಗದಿದ್ದರೆ ಮೊಟ್ಟೆಯ ಚಿಪ್ಪಾದರೂ ಸರಿ. (ಚಾಕ್‌ಪೀಸ್ ಬೇಡ, ಅದು ಹೆಚ್ಚಾಗಿ ಜಿಪ್ಸಮ್‌ನದು.) ಆ ಗುಳ್ಳೆಗಳಲ್ಲಿರುವುದು ಇಂಗಾಲದ ಡೈಆಕ್ಸೈಡ್. ಗಾಳಿ ಕಲ್ಲಿನೊಳಗೆ ಸೇರಿದ್ದು ಹೇಗೆ? ಇದರ ಬಗ್ಗೆ ಆಳವಾಗಿ ಯೋಚಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಹೆರಾಲ್ಡ್ ಯೂರಿ.

ಯೂರಿ 1893ರ ಏಪ್ರಿಲ್ 29ರಂದು ಇಂಡಿಯಾನಾ ರಾಜ್ಯದ ವಾಕರ್ಟನ್‌ನಲ್ಲಿ ಹುಟ್ಟಿದರು. ಆರು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಪ್ರೌಢಶಾಲೆ ಮುಗಿಸಿದ ಮೇಲೆ ಹಳ್ಳಿ ಶಾಲೆಗಳಲ್ಲಿ ಮೇಷ್ಟರಾದರು. ನಂತರ ಮೊಂಟಾನಾ ವಿಶ್ವವಿದ್ಯಾಲಯ ಸೇರಿ, ಡೇರೆಯಲ್ಲಿ ವಾಸಿಸುತ್ತಾ ಓದಿದರು. 1931ರಲ್ಲಿ ಸಾಮಾನ್ಯ ಜಲಜನಕಕ್ಕಿಂತ ಸುಮಾರು ಎರಡು ಪಟ್ಟು ತೂಕದ ಡ್ಯುಟೀರಿಯಂ ಅನ್ನು ಕಂಡುಹಿಡಿದರು. ಇದಕ್ಕಾಗಿ 1934ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮಗಳು ಹುಟ್ಟುವ ಸಮಯವೆಂದು ಅವರು ಸಮಾರಂಭಕ್ಕೇ ಹೋಗಲಿಲ್ಲ!

ಆಮೇಲೆ ಅವರ ಗಮನ ಭೂಮಿಯ ಬಾಲ್ಯದತ್ತ ಹರಿಯಿತು. ಆಗ ಭೂಮಿ ಕುದಿಯುವ ಶಿಲಾರಸದ ಉಂಡೆಯಂತಿತ್ತು ಎಂದು ಇಂದು ನಾವು ತಿಳಿದಿದ್ದೇವೆ. ಮೇಲ್ಭಾಗ ತಣಿದು ಭೂಕವಚವಾಯಿತು. ಒಳಗಿನಿಂದ ಹೊರಬಿದ್ದ ಅನಿಲಗಳು ವಾಯುಮಂಡಲವಾದವು. ಅದರಲ್ಲಿದ್ದ ನೀರಾವಿ ತಣಿದು ಮಳೆಯಾಗಿ ಸುರಿದು ಸಾಗರವಾಯಿತು. ಆಸ್ಟ್ರೇಲಿಯಾದಲ್ಲಿ ಸಿಕ್ಕ 440 ಕೋಟಿ ವರ್ಷ ಹಳೆಯ ಜಿರ್ಕಾನ್ ಹರಳುಗಳು ಅಷ್ಟು ಹಿಂದೆಯೇ ನೀರಿದ್ದಿರಬೇಕೆಂದು ಸೂಚಿಸುತ್ತವೆ.

ಈ ಮೂರೂ ಒಂದಕ್ಕೊಂದು ಕೊಡುಕೊಳ್ಳುತ್ತವೆ. ಮಳೆನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿ ನೀರು ತುಸು ಆಮ್ಲೀಯವಾಗುತ್ತದೆ. ಆ ನೀರು ಬಂಡೆಯನ್ನು ಮೆಲ್ಲಗೆ ಸವೆಸಿ, ಅದರ ಕ್ಯಾಲ್ಸಿಯಂ ಅನ್ನು ಸಮುದ್ರಕ್ಕೆ ಒಯ್ಯುತ್ತದೆ. ಅಲ್ಲಿ ಎರಡೂ ಸೇರಿ ಸುಣ್ಣಕಲ್ಲು! ಯೂರಿ 1952ರಲ್ಲಿ ಗ್ರಹಗಳ ಕುರಿತ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಇಂದಿಗೂ ಇದನ್ನು ಯೂರಿ ಕ್ರಿಯೆ ಎನ್ನುತ್ತಾರೆ. ಫ್ರಾನ್ಸಿನ ಎಬೆಲ್ಮೆನ್ ಇದನ್ನು 1845ರಲ್ಲೇ ಗುರುತಿಸಿದ್ದರು, ಪಾಪ, ಅವರನ್ನು ಲೋಕ ಮರೆತಿತ್ತು. ಶುಕ್ರ ಗ್ರಹವನ್ನು ನೋಡಿ. ಅಲ್ಲಿ ಸಾಗರವಿಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲೇ ಉಳಿದು, ಅದರ ಒತ್ತಡ ನಮ್ಮ ಗಾಳಿಯ ಒತ್ತಡದ ಸುಮಾರು 90 ಪಟ್ಟು ಇದೆ.

ಆದರೆ ಯೂರಿ ಊಹಿಸಿದ್ದೆಲ್ಲ ಸರಿಯಾಗಲಿಲ್ಲ. ಆದಿಯ ವಾಯುಮಂಡಲದಲ್ಲಿ ಮೀಥೇನ್, ಅಮೋನಿಯ, ಜಲಜನಕ ತುಂಬಿದ್ದವು ಎಂದು ಅವರು ನಂಬಿದ್ದರು. ಅವರ ವಿದ್ಯಾರ್ಥಿ ಸ್ಟ್ಯಾನ್ಲಿ ಮಿಲ್ಲರ್ ಇದೇ ಅನಿಲಗಳನ್ನೂ ನೀರಾವಿಯನ್ನೂ ಗಾಜಿನ ಬುರುಡೆಯಲ್ಲಿ ತುಂಬಿ ವಿದ್ಯುತ್ ಕಿಡಿ ಹಾಯಿಸಿದರು. ಒಂದು ವಾರದೊಳಗೆ ಜೀವಿಗಳಿಗೆ ಬೇಕಾದ ಅಮೈನೋ ಆಮ್ಲಗಳು ಸಿಕ್ಕವು! 1953ರಲ್ಲಿ ಲೇಖನ ಪ್ರಕಟವಾದಾಗ ಯೂರಿ ತಮ್ಮ ಹೆಸರನ್ನು ಸೇರಿಸಲಿಲ್ಲ. ತಮ್ಮ ಹೆಸರಿದ್ದರೆ ಶ್ರೇಯಸ್ಸೆಲ್ಲ ತಮಗೇ ಬಂದು, ಹುಡುಗನ ಶ್ರಮ ಮರೆಯಾಗುತ್ತದೆ ಎಂಬುದು ಅವರ ಆಲೋಚನೆ. ಜ್ವಾಲಾಮುಖಿಗಳು ಉಗುಳಿದ ಇಂಗಾಲದ ಡೈಆಕ್ಸೈಡ್, ಸಾರಜನಕ, ನೀರಾವಿಗಳೇ ಆಗ ಹೆಚ್ಚಾಗಿದ್ದವು ಎನ್ನುವುದು ಈಗ ಅನೇಕ ವಿಜ್ಞಾನಿಗಳ ಅಭಿಪ್ರಾಯ. ಆಮ್ಲಜನಕ ಗಾಳಿಯಲ್ಲಿ ಹೆಚ್ಚಿದ್ದು ಬಹಳ ತಡವಾಗಿ, ಸುಮಾರು 240 ಕೋಟಿ ವರ್ಷಗಳ ಹಿಂದೆ.

ಚಂದ್ರ ಎಂದೂ ಕರಗದ ತಣ್ಣನೆಯ ಕಾಯ ಎಂದೂ ಯೂರಿ ವಾದಿಸಿದ್ದರು. 1969ರಲ್ಲಿ ಅಪೊಲೊ 11 ತಂದ ಕಲ್ಲುಗಳು ಶಿಲಾರಸ ತಣಿದು ಆದವು ಎಂದು ಗೊತ್ತಾಯಿತು. ಆಗ ಅವರಿಗೆ 76 ವರ್ಷ. ಕಲ್ಲುಗಳ ಸಾಕ್ಷ್ಯವನ್ನು ಒಪ್ಪಿಕೊಂಡು ತಮ್ಮ ಅಭಿಪ್ರಾಯ ಬದಲಿಸಿದರು. 1981ರ ಜನವರಿ 5ರಂದು ಅವರು ನಿಧನರಾದರು. ಚಂದ್ರನ ಮೇಲಿನ ಒಂದು ಕುಳಿಗೆ ಈಗ ಅವರ ಹೆಸರಿದೆ.