ಟೋಪಿ ಅಂಗಡಿಯಿಂದ ಅರಮನೆಗೆ: ಡೆನ್ಮಾರ್ಕಿನ ಕೌಂಟೆಸ್ ಡಾನರ್

ರಾಜನ ಧರ್ಮಪತ್ನಿಯಾಗಿಯೂ ರಾಣಿ ಎನಿಸಿಕೊಳ್ಳದ ಹೆಂಗಸಿನ ಕಥೆ ಇದು. ಯುರೋಪಿನ ಅರಸು ಮನೆತನಗಳಲ್ಲಿ ಹಿಂದೆ ಎಡಗೈ ವಿವಾಹ ಎಂಬ ಪದ್ಧತಿ ಇತ್ತು. ರಾಜನು ತನ್ನ ಅಂತಸ್ತಿಗಿಂತ ಕೆಳಗಿನವಳನ್ನು ಮದುವೆಯಾದರೆ ಅದು ಚರ್ಚಿನಲ್ಲಿ ನಡೆದ ನಿಜವಾದ ಮದುವೆಯೇ. ಆದರೆ ಹೆಂಡತಿಗೆ ರಾಣಿಯ ಪದವಿ ಇಲ್ಲ, ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ. ಡೆನ್ಮಾರ್ಕಿನ ಲೂಯಿಸ್ ರಾಸ್ಮುಸ್ಸೆನ್ ಹೀಗೆ ಮದುವೆಯಾದವರು.

ಇವರು ಹುಟ್ಟಿದ್ದು 1815ರ ಏಪ್ರಿಲ್ 21ರಂದು, ಕೋಪನ್‌ಹೇಗನ್ ನಗರದಲ್ಲಿ. ತಾಯಿ ಮನೆಗೆಲಸದ ಹೆಣ್ಣುಮಗಳು, ಮದುವೆಯಾಗಿರಲಿಲ್ಲ. ತಂದೆ ಒಬ್ಬ ವ್ಯಾಪಾರಿ. ನಾನೂ ವ್ಯಾಪಾರದವನೇ, ಆದ್ದರಿಂದ ಹೇಳುತ್ತೇನೆ: ಅಂಗಡಿಯ ಲೆಕ್ಕ ಸರಿಯಿಟ್ಟು ಮನೆಯ ಲೆಕ್ಕ ತಪ್ಪಿದವರು ಎಲ್ಲ ಕಾಲದಲ್ಲೂ ಇದ್ದಾರೆ. ಆ ಮನುಷ್ಯ ತಾಯಿಯನ್ನು ಮದುವೆಯಾಗಲಿಲ್ಲ. ತಾಯಿಯೊಬ್ಬಳೇ ಮಗಳನ್ನು ಸಾಕಿದಳು.

ಚಿಕ್ಕ ವಯಸ್ಸಿನಲ್ಲೇ ಲೂಯಿಸ್ ರಾಜಧಾನಿಯ ರಾಯಲ್ ಥಿಯೇಟರಿನ ಬ್ಯಾಲೆ ಶಾಲೆಗೆ ಸೇರಿದರು. ಮುಂದೆ ಗುಂಪಿನಲ್ಲಿ ಕುಣಿಯುವ ನರ್ತಕಿಯಾದರೇ ಹೊರತು ದೊಡ್ಡ ಪಾತ್ರಗಳೇನೂ ಸಿಗಲಿಲ್ಲ. ಪತ್ರಿಕೆಯ ಒಡೆತನದ ಬರ್ಲಿಂಗ್ ಮನೆತನದ ಕಾರ್ಲ್ ಎಂಬುವರೊಡನೆ ಸ್ನೇಹ ಬೆಳೆದು 1841ರಲ್ಲಿ ಒಬ್ಬ ಮಗ ಹುಟ್ಟಿದ. ಅವರಿಗೂ ಮದುವೆಯಾಗಿರಲಿಲ್ಲ, ತಾಯಿಯ ಪಾಡೇ ಮಗಳದೂ ಆಯಿತು. ರಂಗಮಂದಿರ ಬಿಟ್ಟ ಮೇಲೆ ಅವರು ನಗರದಲ್ಲಿ ಹೆಂಗಸರ ಟೋಪಿ, ಉಡುಪುಗಳ ಅಂಗಡಿ ಇಟ್ಟರು.

ಯುವರಾಜ ಫ್ರೆಡರಿಕ್ ಇವರಿಗೆ ಪರಿಚಯವಾದದ್ದು ಬರ್ಲಿಂಗ್ ಅವರ ಮೂಲಕವೇ. ಯುವರಾಜನಿಗೆ ಎರಡು ಮದುವೆಗಳಾಗಿದ್ದವು. ಎರಡೂ ದೊಡ್ಡ ಮನೆತನದ ಸಂಬಂಧಗಳು, ಎರಡೂ ಮುರಿದವು. ಮೊದಲನೆಯದು 1837ರಲ್ಲಿ, ಎರಡನೆಯದು 1846ರಲ್ಲಿ. ಕುಡಿತವಿತ್ತು, ಹಟವಿತ್ತು, ಮಕ್ಕಳಿರಲಿಲ್ಲ. ಅಂಥವನಿಗೆ ಈಕೆಯ ಜೊತೆಯಲ್ಲಿ ನೆಮ್ಮದಿ ಸಿಕ್ಕಿತು.

1848ರ ಜನವರಿಯಲ್ಲಿ ಅವನು ಏಳನೆಯ ಫ್ರೆಡರಿಕ್ ಎಂಬ ಹೆಸರಿನಿಂದ ರಾಜನಾದ. ಮರುವರ್ಷ, 1849ರ ಜೂನ್ 5ರಂದು, ನಿರಂಕುಶ ಅಧಿಕಾರವನ್ನು ಬಿಟ್ಟುಕೊಟ್ಟು ಸಂವಿಧಾನಕ್ಕೆ ಸಹಿ ಹಾಕಿದ. ಇದರಿಂದ ಪ್ರಜೆಗಳಿಗೆ ಅವನ ಮೇಲೆ ಬಹಳ ಪ್ರೀತಿ. ಆದರೆ ಲೂಯಿಸಳನ್ನು ವರಿಸುವ ಮಾತಿಗೆ ಮಂತ್ರಿಗಳ ಮುಖ ಗಂಟಿಕ್ಕುತ್ತಿತ್ತು. ಕೊನೆಗೆ 1850ರ ಆಗಸ್ಟ್ 7ರಂದು ಫ್ರೆಡರಿಕ್ಸ್‌ಬೋರ್ಗ್ ಅರಮನೆಯಲ್ಲಿ ಎಡಗೈ ವಿವಾಹ ನೆರವೇರಿತು. ಆಕೆಗೆ ಕೌಂಟೆಸ್ ಡಾನರ್ ಎಂಬ ಬಿರುದು ಬಂತು.

ಬಿರುದು ಬಂದರೆ ಮರ್ಯಾದೆ ಬರಬೇಕೆಂದಿಲ್ಲವಲ್ಲ! ದೊಡ್ಡ ಮನೆತನದವರು ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಕೆಲಸದವಳ ಮಗಳು, ಕುಣಿಯುವವಳು ಎಂಬ ಹಣೆಪಟ್ಟಿ ಹೋಗಲಿಲ್ಲ. ನಮ್ಮ ಊರುಗಳಲ್ಲಿ ನಾಟಕದವಳು ಎಂದು ಮೂಗು ಮುರಿಯುತ್ತಿದ್ದ ಕಾಲವನ್ನು ಹಿರಿಯರು ನೆನಪಿಸಿಕೊಳ್ಳಬಹುದು. ರಾಜನಿಗೂ ಇದು ಬೇಸರ ತಂದಿತು. 1854ರಲ್ಲಿ ಅವನು ಯೇಗರ್ಸ್‌ಪ್ರಿಸ್ ಎಂಬ ಹಳ್ಳಿಗಾಡಿನ ಅರಮನೆಯನ್ನು ತನ್ನ ಸ್ವಂತಕ್ಕೆ ಕೊಂಡ. ರಾಜಧಾನಿಯ ಕುಹಕದಿಂದ ದೂರವಾಗಿ ದಂಪತಿಗಳು ಅಲ್ಲಿ ಕಾಲ ಕಳೆಯುತ್ತಿದ್ದರು. ರಾಜನಿಗೆ ಹಳೆಯ ಸಮಾಧಿ ದಿಬ್ಬಗಳನ್ನು ಅಗೆದು ನೋಡುವ ಹುಚ್ಚು. ರೈತರೊಡನೆ ಅವನಿಗೆ ಸಲಿಗೆ ಇತ್ತು.

1863ರ ನವೆಂಬರ್ 15ರಂದು ರಾಜ ಗ್ಲುಕ್ಸ್‌ಬರ್ಗ್ ಅರಮನೆಯಲ್ಲಿ ತೀರಿಕೊಂಡ. ಸಿಂಹಾಸನ ಬೇರೊಂದು ಶಾಖೆಗೆ ಹೋಯಿತು. ವಿಧವೆ ಲೂಯಿಸಳಿಗೆ ಅರಮನೆಯ ರಾಜಕೀಯದಲ್ಲಿ ಇನ್ನು ಸ್ಥಾನವಿರಲಿಲ್ಲ, ಆದರೆ ಕೈಯಲ್ಲಿ ಆಸ್ತಿ ಇತ್ತು.

ನನಗೆ ಈ ಜೀವನದಲ್ಲಿ ಮುಖ್ಯ ಎನಿಸುವುದು ಮುಂದಿನ ಹತ್ತು ವರ್ಷ. ಆಕೆ ಆ ಆಸ್ತಿಯನ್ನು ಯಾರಿಗೆ ಕೊಟ್ಟರು? ಯೇಗರ್ಸ್‌ಪ್ರಿಸ್ ಅರಮನೆಯನ್ನೂ ಅದರ ಭೂಮಿಯನ್ನೂ ದಿಕ್ಕಿಲ್ಲದ ಬಡ ಹೆಣ್ಣುಮಕ್ಕಳನ್ನು ಸಾಕುವ ಸಂಸ್ಥೆಗೆ ಬಿಟ್ಟುಕೊಟ್ಟರು. ಸಂಸ್ಥೆಗೆ ತಮ್ಮ ಹೆಸರನ್ನಲ್ಲ, ಗಂಡನ ಹೆಸರನ್ನು ಇಟ್ಟರು. ಕೋಪನ್‌ಹೇಗನ್ನಿನಲ್ಲಿ ದುಡಿಯುವ ವರ್ಗದ ಬಡ ಹೆಂಗಸರು ತಂಗಲು ಒಂದು ದೊಡ್ಡ ಕಟ್ಟಡದ ಕೆಲಸ ಶುರು ಮಾಡಿಸಿದರು. ತನ್ನ ತಾಯಿಯಂಥವರಿಗೆ ಕಟ್ಟಿಸಿದ ಮನೆ ಎಂದು ನಾನು ತಿಳಿಯುತ್ತೇನೆ. ಅದು ಮುಗಿಯುವುದನ್ನು ಅವರು ನೋಡಲಿಲ್ಲ. 1874ರ ಮಾರ್ಚ್ 6ರಂದು ಇಟಲಿಯ ಜಿನೋವಾದಲ್ಲಿ ತೀರಿಕೊಂಡರು. ಕಟ್ಟಡ ಪೂರ್ಣವಾದದ್ದು 1875ರಲ್ಲಿ.

ರಾಜನ ಸಮಾಧಿ ಅರಸರೆಲ್ಲ ಮಲಗಿರುವ ರೋಸ್ಕಿಲ್ಡ್ ಚರ್ಚಿನಲ್ಲಿದೆ. ಲೂಯಿಸಳನ್ನು ಯೇಗರ್ಸ್‌ಪ್ರಿಸ್ ಅರಮನೆಯ ತೋಟದಲ್ಲಿ, ಒಂದು ಮಣ್ಣಿನ ದಿಬ್ಬದೊಳಗೆ ಇಟ್ಟಿದ್ದಾರೆ.

ಕೋಪನ್‌ಹೇಗನ್ನಿನ ಆ ಮನೆಗೆ ಜನ ಡಾನರ್ ಮನೆ ಎಂದೇ ಹೆಸರಿಟ್ಟರು. ನೂರು ವರ್ಷ ದಾಟಿದ ಮೇಲೆ ಅದನ್ನು ಕೆಡವುವ ಮಾತು ಬಂದಾಗ, 1979ರಲ್ಲಿ ನೂರಾರು ಹೆಂಗಸರು ಒಳಗೆ ನುಗ್ಗಿ ಕುಳಿತರು, ಹಣ ಕೂಡಿಸಿ ಅದನ್ನು ಕೊಂಡೇಬಿಟ್ಟರು. ಗಂಡಂದಿರ ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ಬಂದ ಹೆಂಗಸರಿಗೆ ಅಲ್ಲಿ ಆಶ್ರಯ ಕೊಡುತ್ತಾ ಬಂದಿದ್ದಾರೆ.